ಬೀಗ ಹಾಕಿದ ವಾರ್ಡಿನಲ್ಲಿ 26 ತಿಂಗಳು: ಮಾರ್ಷಾ ಲಿನೆಹನ್ ಪ್ರಕರಣ

ನಾನು ಮಾನಸಿಕ ಆರೋಗ್ಯ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್. ನಮ್ಮಲ್ಲಿಗೆ ಹೊಸದಾಗಿ ಬರುವ ನರ್ಸಿಂಗ್ ಹುಡುಗಿಯರಿಗೆ ಮೊದಲ ದಿನವೇ ಒಂದು ಕೋಣೆಯ ಬಗ್ಗೆ ಹೇಳುತ್ತೇನೆ. ಚಿಕ್ಕ ಕೋಣೆ. ಒಂದು ಮಂಚ, ಒಂದು ಕುರ್ಚಿ, ಕಂಬಿ ಹಾಕಿದ ಪುಟ್ಟ ಕಿಟಕಿ, ಅಷ್ಟೇ. ತನಗೆ ತಾನು ನೋವು ಮಾಡಿಕೊಳ್ಳಲು ಬಳಸಬಹುದಾದ ಯಾವ ವಸ್ತುವೂ ಅಲ್ಲಿರಲಿಲ್ಲ. ಸುರಕ್ಷತೆಗೆ ಅಂಕ ಕೊಡುವುದಾದರೆ ನೂರಕ್ಕೆ ನೂರು ಕೊಡಬಹುದು. ಆದರೂ ಆ ಕೋಣೆಯೊಳಗಿದ್ದ ಹದಿನೇಳರ ಹುಡುಗಿಗೆ ಸಾಯಬೇಕು ಅನ್ನುವ ಆಸೆ ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು. ಕೈಗೆ ಏನೂ ಸಿಗದಿದ್ದರೂ ಆಕೆ ತನ್ನನ್ನು ನೋಯಿಸಿಕೊಳ್ಳುವುದನ್ನು ಬಿಡಲಿಲ್ಲ.

ಆ ಹುಡುಗಿಯೇ ಮಾರ್ಷಾ ಲಿನೆಹನ್. ಮುಂದೆ ಅವರು ಮನಶ್ಶಾಸ್ತ್ರಜ್ಞೆಯಾದರು. ತಮ್ಮನ್ನು ತಾವೇ ಮತ್ತೆ ಮತ್ತೆ ನೋಯಿಸಿಕೊಳ್ಳುವ, ಸಾಯಲು ಹೊರಡುವ ಜನರಿಗಾಗಿಯೇ ಒಂದು ಚಿಕಿತ್ಸೆಯನ್ನು ಕಟ್ಟಿದರು. ಅದಕ್ಕೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಅಂತ ಹೆಸರು, ಚಿಕ್ಕದಾಗಿ ಡಿಬಿಟಿ ಅನ್ನುತ್ತೇವೆ. ತಾವೂ ಒಂದು ಕಾಲದಲ್ಲಿ ಅಂಥ ರೋಗಿಯಾಗಿದ್ದೆ ಎಂದು ಅವರು ಎಲ್ಲರೆದುರು ಹೇಳಿದ್ದು 2011ರ ಜೂನ್‌ನಲ್ಲಿ. ಆಗ ಅವರಿಗೆ 68 ವರ್ಷ. ಹೇಳಿದ ಜಾಗವೂ ಆ ಕೋಣೆ ಇದ್ದ ಅದೇ ಆಸ್ಪತ್ರೆ. ಹಾಗಾಗಿ ಈ ಪ್ರಕರಣದಲ್ಲಿ ನಮಗೆ ಅಪರೂಪಕ್ಕೆ ಸಿಗುವ ಒಂದು ವಿಷಯವಿದೆ: ಕೇಸ್ ಶೀಟಿನಲ್ಲಿ ಬರೆದದ್ದೂ ಗೊತ್ತು, ಮಂಚದ ಮೇಲಿದ್ದವರಿಗೆ ಏನನ್ನಿಸಿತು ಅನ್ನುವುದೂ ಗೊತ್ತು.

ಕೇಸ್ ಶೀಟಿನಲ್ಲಿ ಇದ್ದದ್ದು

ಮಾರ್ಷಾ ಹುಟ್ಟಿದ್ದು 1943ರಲ್ಲಿ, ಅಮೆರಿಕದ ಒಕ್ಲಹೋಮ ರಾಜ್ಯದ ಟಲ್ಸಾದಲ್ಲಿ. ಆರು ಮಕ್ಕಳಲ್ಲಿ ಮೂರನೆಯವಳು. ಓದಿನಲ್ಲಿ ಜಾಣೆ, ಪಿಯಾನೋ ಚೆನ್ನಾಗಿ ನುಡಿಸುತ್ತಿದ್ದಳು. ಶಾಲೆಯ ಕೊನೆಯ ವರ್ಷದ ಹೊತ್ತಿಗೆ ಯಾರ ಜೊತೆಯೂ ಸೇರದೆ ಮುದುಡಿಕೊಂಡಳು. 1961ರ ಮಾರ್ಚ್ 9ರಂದು ಆಕೆಯನ್ನು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಲಿವಿಂಗ್ ಎಂಬ ಆಸ್ಪತ್ರೆಗೆ ಸೇರಿಸಿದರು. ಹೆಸರಾಂತ ಆಸ್ಪತ್ರೆ. ಮನೆಯಿಂದ 2,000 ಕಿಲೋಮೀಟರ್‌ಗೂ ಜಾಸ್ತಿ ದೂರ.

ಅಲ್ಲಿ ತನ್ನನ್ನು ನೋಯಿಸಿಕೊಳ್ಳುವುದು ನಿಲ್ಲಲಿಲ್ಲ. ಹೀಗಾಗಿ ಆಕೆಯನ್ನು ಥಾಂಪ್ಸನ್ ಟೂ ಎಂಬ ವಾರ್ಡಿಗೆ ಹಾಕಿದರು. ತೀರಾ ಕಾಯಿಲೆ ಜೋರಾದವರಿಗೆಂದೇ ಇದ್ದ, ಸದಾ ಬೀಗ ಹಾಕಿರುವ ವಾರ್ಡು ಅದು. ನಾನು ಮೊದಲು ಹೇಳಿದ ಒಂಟಿ ಕೋಣೆ ಇದ್ದದ್ದು ಅದರೊಳಗೆ. ಆ ಕೋಣೆಗೆ ಹೋಗಬೇಕಾಗುತ್ತದೇನೋ ಎಂದು ಉಳಿದ ರೋಗಿಗಳೆಲ್ಲ ಹೆದರುತ್ತಿದ್ದರು ಎಂದು ಆಗ ಅಲ್ಲೇ ಇದ್ದ ಇನ್ನೊಬ್ಬ ರೋಗಿ ಎಷ್ಟೋ ವರ್ಷದ ಮೇಲೆ ನೆನೆಸಿಕೊಂಡಿದ್ದಾರೆ.

ಡಾಕ್ಟರುಗಳು ಬರೆದ ಕಾಯಿಲೆ ಸ್ಕಿಜೋಫ್ರೇನಿಯಾ. ಥೊರಾಜಿನ್, ಲಿಬ್ರಿಯಂ ಮಾತ್ರೆ ಕೊಟ್ಟರು. ಗಂಟೆಗಟ್ಟಲೆ ಫ್ರಾಯ್ಡ್ ಮಾದರಿಯ ಮಾತಿನ ಚಿಕಿತ್ಸೆ ಮಾಡಿದರು. ಮೊದಲ ಸರದಿಯಲ್ಲಿ 14 ಸಲ, ಎರಡನೆಯ ಸರದಿಯಲ್ಲಿ 16 ಸಲ ಶಾಕ್ ಚಿಕಿತ್ಸೆ ಕೊಟ್ಟರು. ಯಾವುದರಿಂದಲೂ ಏನೂ ಬದಲಾಗಲಿಲ್ಲ. ಸ್ವಲ್ಪ ದಿನ ಹೊರಗೆ, ಮತ್ತೆ ಒಂಟಿ ಕೋಣೆ. 1963ರ ಮೇ 31ರ ಡಿಸ್ಚಾರ್ಜ್ ಟಿಪ್ಪಣಿಯಲ್ಲಿ, ಈ 26 ತಿಂಗಳಲ್ಲಿ ಬಹುಕಾಲ ಇಡೀ ಆಸ್ಪತ್ರೆಯಲ್ಲೇ ಅತಿ ಹೆಚ್ಚು ತೊಂದರೆಗೊಳಗಾದ ರೋಗಿಗಳಲ್ಲಿ ಈಕೆಯೂ ಒಬ್ಬಳು ಎಂಬ ಅರ್ಥದ ಮಾತಿದೆ. ಆಗ ಆಕೆಗೆ 20. ಹೊರಗೆ ಹೋಗಿ ಬದುಕಿ ಉಳಿಯುತ್ತಾಳೆ ಎಂದು ಡಾಕ್ಟರುಗಳಿಗೂ ಹೆಚ್ಚು ನಂಬಿಕೆ ಇರಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಡಾಕ್ಟರುಗಳನ್ನು, ನರ್ಸುಗಳನ್ನು ಕೆಟ್ಟವರು ಅನ್ನಲು ನನಗೆ ಮನಸ್ಸಿಲ್ಲ. ಹುಡುಗಿಯನ್ನು ಉಳಿಸಿಕೊಳ್ಳಬೇಕು ಅಂತಲೇ ಅವರು ಇದನ್ನೆಲ್ಲ ಮಾಡಿದ್ದು. ಈ ತೊಂದರೆಗೆ ಕೆಲಸ ಮಾಡುತ್ತದೆ ಅನ್ನಬಹುದಾದ ಚಿಕಿತ್ಸೆ ಆಗ ಯಾರ ಬಳಿಯೂ ಇರಲಿಲ್ಲ. ಆಕೆಯ ತೊಂದರೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಅಂದರೆ ಭಾವನೆಗಳು ಹಿಡಿತಕ್ಕೆ ಸಿಗದೆ ಜೋರಾಗಿ ಏರಿಳಿಯುವ ಕಾಯಿಲೆ, ಆಗಿತ್ತು ಎಂದು ಮುಂದೆ ಆಕೆಯೇ ಗುರುತಿಸಿಕೊಂಡರು. ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಗೆ ಆ ಹೆಸರು ಬಂದದ್ದೇ 1980ರಲ್ಲಿ.

ಮಂಚದ ಮೇಲಿನಿಂದ ಕಂಡದ್ದು

ಮಾರ್ಷಾ ಆ ದಿನಗಳ ಬಗ್ಗೆ ಹೇಳಿದ್ದರಲ್ಲಿ ಎರಡು ಸಂಗತಿ ನನ್ನನ್ನು ಬಿಟ್ಟು ಹೋಗುವುದೇ ಇಲ್ಲ.

ಒಂದು, ಒಳಗೆ ಎಲ್ಲಾ ಖಾಲಿ ಖಾಲಿ. ಏನಾಗುತ್ತಿದೆ ಅಂತ ಇನ್ನೊಬ್ಬರಿಗೆ ಹೇಳಲು ಮಾತಿಲ್ಲ, ತನಗೇ ಅರ್ಥ ಮಾಡಿಕೊಳ್ಳಲು ದಾರಿಯಿಲ್ಲ. ಎರಡನೆಯದು ಇನ್ನೂ ಮುಖ್ಯ. ತನ್ನನ್ನು ನೋಯಿಸಿಕೊಳ್ಳುವ ಆ ಗಳಿಗೆಯಲ್ಲಿ ಬೇರೆ ಯಾರೋ ಅದನ್ನು ಮಾಡುತ್ತಿದ್ದಾರೆ ಅನ್ನಿಸುತ್ತಿತ್ತಂತೆ. ಆದರೆ ಅದು ಬರುತ್ತಿದೆ ಅಂತ ಮೊದಲೇ ಗೊತ್ತಾಗುತ್ತಿತ್ತು. ತನ್ನ ಕೈ ಮೀರುತ್ತಿದೆ, ಯಾರಾದರೂ ಬನ್ನಿ ಎಂದು ಒಳಗೊಳಗೇ ಕೂಗಿಕೊಳ್ಳುತ್ತಿದ್ದರು.

ಬರುತ್ತಿದೆ ಅಂತ ಗೊತ್ತಾಗುತ್ತಿತ್ತು. ಈ ಮಾತನ್ನು ನಾನು ನನ್ನ ವಾರ್ಡಿನಲ್ಲೂ ಬೇರೆ ಬೇರೆ ಬಾಯಿಂದ ಕೇಳಿದ್ದೇನೆ. ಒಬ್ಬಾಕೆ ಹೊಟ್ಟೆಯಲ್ಲಿ ಕಲ್ಲು ಕೂತ ಹಾಗೆ ಅನ್ನುತ್ತಿದ್ದಳು. ಇನ್ನೊಬ್ಬರು ಕಿವಿ ಗುಂಯ್ ಅನ್ನುತ್ತದೆ ಅನ್ನುತ್ತಿದ್ದರು. ಅಂದರೆ ಆ ಯೋಚನೆ ಬಂದ ಗಳಿಗೆಗೂ ಕೈ ಎತ್ತುವ ಗಳಿಗೆಗೂ ನಡುವೆ ಸ್ವಲ್ಪ ಹೊತ್ತು ಇರುತ್ತದೆ. ಕೆಲವರಿಗೆ ಐದು ನಿಮಿಷ, ಕೆಲವರಿಗೆ ಅರ್ಧ ದಿನ. ನಮ್ಮ ಕೆಲಸ ನಡೆಯಬೇಕಾದದ್ದು ಆ ಹೊತ್ತಿನಲ್ಲಿ. ಹಾರ್ಟ್‌ಫರ್ಡ್‌ನಲ್ಲಿ ಆ ಹೊತ್ತನ್ನು ಬಾಗಿಲು ಮುಚ್ಚಲು ಬಳಸಿದರು.

ಕನ್ನಡದಲ್ಲಿ ಕಾಯುವುದು ಅನ್ನುವ ಮಾತಿಗೆ ಎರಡು ಅರ್ಥ ಇದೆಯಲ್ವಾ? ಹೊಲ ಕಾಯುತ್ತೇವೆ. ಬಸ್ಸಿಗೂ ಕಾಯುತ್ತೇವೆ. ಆಸ್ಪತ್ರೆಯಲ್ಲಿ ಎರಡೂ ಬೇಕು. ವಸ್ತುಗಳನ್ನು ದೂರ ಇಡುವುದು, ಕಣ್ಣಿಡುವುದು ಮೊದಲನೆಯ ಕಾಯುವಿಕೆ. ಆ ಯೋಚನೆಯ ಅಲೆ ಏರಿ, ತುದಿ ಮುಟ್ಟಿ, ಇಳಿಯುವ ತನಕ ಜೊತೆಗೆ ಕೂರುವುದು ಎರಡನೆಯದು. ಮಾರ್ಷಾಗೆ ಮೊದಲನೆಯದು ಬೇಕಾದಷ್ಟು ಸಿಕ್ಕಿತು. ಎರಡನೆಯದು ಬೇಕಿದ್ದ ಹೊತ್ತಿನಲ್ಲಿ ಆಕೆಯ ಎದುರು ಇದ್ದದ್ದು ಗೋಡೆ.

ಒಂಟಿ ಕೋಣೆಯಿಂದ ಇನ್ನೊಂದು ತೊಂದರೆಯೂ ಇದೆ. ಅದು ಬೇಗ ಕಣ್ಣಿಗೆ ಬೀಳುವುದಿಲ್ಲ. ರೋಗಿ ಸುಮ್ಮನೆ ಕೂತಿದ್ದಾಗ ಯಾರೂ ಹತ್ತಿರ ಬರುವುದಿಲ್ಲ. ನೋಯಿಸಿಕೊಂಡ ತಕ್ಷಣ ನಾಲ್ಕು ಜನ ಓಡಿ ಬರುತ್ತಾರೆ, ಹಿಡಿಯುತ್ತಾರೆ, ಇಂಜೆಕ್ಷನ್, ಡಾಕ್ಟರು, ಗಲಾಟೆ. ಆ ಗಲಾಟೆ ಹಿತವಾಗಿರುವುದಿಲ್ಲ, ನಿಜ. ಆದರೆ ಖಾಲಿ ಖಾಲಿಯಾದ ಮನಸ್ಸಿಗೆ ಮನುಷ್ಯರ ಕೈ ತಾಗುವುದು ಆಗ ಮಾತ್ರ ಅಂತಾದರೆ, ಮೈ ಅದನ್ನೇ ಕಲಿಯುತ್ತದೆ. ರೋಗಿ ನಾಟಕ ಮಾಡುತ್ತಿದ್ದಾಳೆ ಎಂದು ಸ್ಟಾಫ್ ರೂಮಿನಲ್ಲಿ ಮಾತು ಬರುವುದು ಇಂಥ ಹೊತ್ತಿಗೇ. ನಾಟಕ ಅಲ್ಲ ಅದು. ನಾವೇ ಗೊತ್ತಿಲ್ಲದೆ ಕಲಿಸಿದ ಪಾಠ.

ಆ ಕೋಣೆಯಲ್ಲಿದ್ದಾಗಲೇ ಮಾರ್ಷಾ ದೇವರಲ್ಲಿ ಒಂದು ಹರಕೆ ಹೊತ್ತರು: ಈ ನರಕದಿಂದ ನಾನು ಹೊರಗೆ ಬಂದರೆ, ಮತ್ತೆ ವಾಪಸ್ ಬಂದು ಉಳಿದವರನ್ನೂ ಹೊರಗೆ ಕರೆದುಕೊಂಡು ಹೋಗುತ್ತೇನೆ.

ಹರಕೆ ತೀರಿಸಿದ ಬಗೆ

ಹೊರಗೆ ಬಂದ ಕೂಡಲೇ ಎಲ್ಲಾ ಸರಿಹೋಯಿತು ಅಂತ ಯಾರೂ ತಿಳಿಯಬಾರದು. ಟಲ್ಸಾದಲ್ಲೂ, ಆಮೇಲೆ ಶಿಕಾಗೋದಲ್ಲೂ ಮತ್ತೆ ಅದೇ ತೊಂದರೆ ಬಂತು. ಮತ್ತೊಮ್ಮೆ ಆಸ್ಪತ್ರೆ ಸೇರಿದರು. ಒಂದು ವಿಮಾ ಕಂಪನಿಯಲ್ಲಿ ಗುಮಾಸ್ತೆಯ ಕೆಲಸ ಮಾಡಿಕೊಂಡು ಲೊಯೋಲಾ ವಿಶ್ವವಿದ್ಯಾಲಯದಲ್ಲಿ ರಾತ್ರಿ ಕ್ಲಾಸಿಗೆ ಹೋದರು. 1967ರ ಒಂದು ರಾತ್ರಿ ಪುಟ್ಟ ಚಾಪೆಲ್ಲಿನಲ್ಲಿ ಪ್ರಾರ್ಥನೆಗೆ ಕೂತಿದ್ದಾಗ, ನಾನು ನನ್ನನ್ನು ಪ್ರೀತಿಸುತ್ತೇನೆ ಅನ್ನುವ ಮಾತು ತಾನಾಗಿ ಬಾಯಿಗೆ ಬಂತಂತೆ. 1971ರಲ್ಲಿ ಪಿಎಚ್‌ಡಿ ಮುಗಿಸಿದರು. ಮುಂದೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು.

ಡಿಬಿಟಿಯನ್ನು ಬಿಡಿಸಿ ನೋಡಿದರೆ, ಹಾರ್ಟ್‌ಫರ್ಡ್‌ನಲ್ಲಿ ಸಿಗದ ಒಂದೊಂದನ್ನೂ ಅವರು ಅದರೊಳಗೆ ಇಟ್ಟ ಹಾಗೆ ನನಗೆ ಕಾಣುತ್ತದೆ. ಮೊದಲು ಒಪ್ಪಿಕೊಳ್ಳುವುದು: ನಿನ್ನ ನೋವು ನಿಜ, ನೀನು ಹೀಗೆ ಮಾಡಿದ್ದಕ್ಕೆ ನಿನ್ನ ಮಟ್ಟಿಗೆ ಒಂದು ಕಾರಣ ಇತ್ತು. ಅದರ ಜೊತೆಗೇ ಬದಲಾವಣೆ: ಆದರೂ ಇದು ನಿಲ್ಲಬೇಕು, ಬೇರೆ ದಾರಿ ಕಲಿಯೋಣ. ವಾರಕ್ಕೊಮ್ಮೆ ಥೆರಪಿಸ್ಟ್ ಜೊತೆ ಒಬ್ಬರೇ ಕೂತು ಮಾತು, ಇನ್ನೊಂದು ದಿನ ಗುಂಪಿನಲ್ಲಿ ಕೌಶಲಗಳ ಪಾಠ. ಏನಾದರೂ ಆಗಿಬಿಟ್ಟರೆ, ಬೆಳಿಗ್ಗೆಯಿಂದ ಏನೇನಾಯಿತು ಅಂತ ಸರಪಳಿಯ ಕೊಂಡಿಗಳ ಹಾಗೆ ಒಂದೊಂದಾಗಿ ಹಿಂದಕ್ಕೆ ಹೋಗಿ ನೋಡುತ್ತಾರೆ. ಯಾವ ಕೊಂಡಿಯಲ್ಲಿ ಬೇರೆ ಏನಾದರೂ ಮಾಡಬಹುದಿತ್ತು ಎಂದು ಇಬ್ಬರೂ ಸೇರಿ ಹುಡುಕುತ್ತಾರೆ. ಚಿಕಿತ್ಸೆ ಕೊಡುವವರಿಗೂ ಒಂದು ತಂಡ ಇರಲೇಬೇಕು, ಈ ಕೆಲಸ ಒಬ್ಬರೇ ಹೊರುವ ಭಾರ ಅಲ್ಲ ಅಂತ.

ಫೋನಿನ ನಿಯಮ ನನಗೆ ಬಹಳ ಹಿಡಿಸಿತು. ಆ ಯೋಚನೆ ಏಳುತ್ತಿದ್ದ ಹಾಗೆ, ಇನ್ನೂ ಏನೂ ಮಾಡಿಕೊಳ್ಳುವ ಮೊದಲು, ರೋಗಿ ತನ್ನ ಥೆರಪಿಸ್ಟ್‌ಗೆ ಫೋನ್ ಮಾಡಬೇಕು. ಈಗ ಈ ಹತ್ತು ನಿಮಿಷ ದಾಟಲು ಏನು ಮಾಡೋಣ ಎಂದು ಅವರು ದಾರಿ ಹೇಳುತ್ತಾರೆ. ನೋಯಿಸಿಕೊಂಡ ಮೇಲಾದರೆ, ಮುಂದಿನ 24 ಗಂಟೆ ಆ ಮಾತುಕತೆ ಇಲ್ಲ. ಪ್ರಾಣಕ್ಕೆ ಅಪಾಯ ಇದ್ದರೆ ತುರ್ತು ಸಹಾಯ ಇದ್ದೇ ಇರುತ್ತದೆ. ಆದರೆ ಸಮಾಧಾನದ ಮಾತು ಮೊದಲೇ ಸಿಗುತ್ತದೆ, ಅದಕ್ಕೋಸ್ಕರ ರಕ್ತ ಬರಬೇಕಾಗಿಲ್ಲ. ಮೊದಲ ಸಲ ಓದಿದಾಗ ನನಗೆ ಈ ನಿಯಮ ಕಠಿಣ ಅನ್ನಿಸಿತ್ತು. ಥಾಂಪ್ಸನ್ ಟೂ ಬಗ್ಗೆ ತಿಳಿದ ಮೇಲೆ ಅರ್ಥವಾಯಿತು. ಆ ವಾರ್ಡಿನ ಪದ್ಧತಿಯನ್ನು ಅವರು ಪೂರ್ತಿ ತಲೆಕೆಳಗು ಮಾಡಿಬಿಟ್ಟಿದ್ದಾರೆ.

2006ರಲ್ಲಿ ಬಂದ ಅವರ ಒಂದು ಅಧ್ಯಯನದಲ್ಲಿ 101 ಹೆಂಗಸರಿದ್ದರು. ಅರ್ಧ ಜನರಿಗೆ ಡಿಬಿಟಿ, ಉಳಿದವರಿಗೆ ಊರಿನ ನುರಿತ ಥೆರಪಿಸ್ಟ್‌ಗಳಿಂದ ಬೇರೆ ಚಿಕಿತ್ಸೆ. ಡಿಬಿಟಿ ಪಡೆದವರಲ್ಲಿ ಸಾಯಲು ಯತ್ನಿಸಿದವರ ಪ್ರಮಾಣ ಇನ್ನೊಂದು ಗುಂಪಿನ ಅರ್ಧದಷ್ಟಿತ್ತು. ಆಸ್ಪತ್ರೆಗೆ ಸೇರುವುದೂ ಕಡಿಮೆಯಾಗಿತ್ತು.

ಮಾರ್ಷಾ ತಮ್ಮ ಹಳೆಯ ಕಥೆ ಬಾಯಿ ಬಿಡಲು ಕಾರಣವಾದದ್ದೂ ಒಬ್ಬ ರೋಗಿಯೇ. ಅವರ ಕೈ ಮೇಲಿನ ಹಳೆಯ ಗುರುತುಗಳನ್ನು ನೋಡಿ, ನೀವೂ ನಮ್ಮಲ್ಲಿ ಒಬ್ಬರಾ ಎಂದು ಆಕೆ ಕೇಳಿದಳು. ಹೌದು ಅಂದರೆ ನಮಗೆಲ್ಲ ಎಷ್ಟೋ ಧೈರ್ಯ ಬರುತ್ತದೆ ಅಂದಳು. ಹಾರ್ಟ್‌ಫರ್ಡ್‌ಗೆ ಹೋದಾಗ ಮಾರ್ಷಾ ತಾವಿದ್ದ ಹಳೆಯ ಜಾಗವನ್ನೂ ನೋಡಿದರು. ಅಲ್ಲಿ ಕಿಟಕಿ ಬದಲಾಯಿಸಿದ್ದರು. ಈಗ ಬೆಳಕು ಜಾಸ್ತಿ ಬರುತ್ತಿತ್ತು.

ನಮ್ಮ ಕಡೆ ಈ ಪ್ರಕರಣ

ಅರವತ್ತು ವರ್ಷದ ಹಿಂದಿನ ಅಮೆರಿಕದ ಕಥೆ ನಮಗ್ಯಾಕೆ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಕಾನೂನಿನ ಮಟ್ಟಿಗೆ ನಾವು ಥಾಂಪ್ಸನ್ ಟೂದಿಂದ ಬಹಳ ದೂರ ಬಂದಿದ್ದೇವೆ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಕಲಮಿನ ಪ್ರಕಾರ ರೋಗಿಯನ್ನು ಒಂಟಿಯಾಗಿ ಕೂಡಿಹಾಕುವ ಹಾಗೇ ಇಲ್ಲ. ಕಟ್ಟಿಹಾಕುವುದಾದರೆ, ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲ ಅನ್ನುವಾಗ ಮಾತ್ರ. ಅದಕ್ಕೂ ಮನೋವೈದ್ಯರ ಒಪ್ಪಿಗೆ ಬೇಕು. ಯಾಕೆ, ಹೇಗೆ, ಎಷ್ಟು ಹೊತ್ತು ಎಂದು ಬರೆದಿಡಬೇಕು. ರೋಗಿ ಹೆಸರಿಸಿದ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆಯಾಗಿ ಕಟ್ಟುವಂತಿಲ್ಲ, ಸಿಬ್ಬಂದಿ ಕಡಿಮೆ ಇದ್ದಾರೆ ಅಂತಲೂ ಕಟ್ಟುವಂತಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಓಡಲಾಗದೆ ಸತ್ತರು. ಆ ನೆನಪು ಇರುವ ನನ್ನಂಥವರಿಗೆ ಈ ಕಲಮು ಬರೀ ಕಾಗದ ಅಲ್ಲ.

ಇನ್ನೊಂದು ವ್ಯತ್ಯಾಸ ನಮ್ಮ ದೇಶದ್ದೇ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಕರೆಸಿ, ಆವರಣದಲ್ಲೇ ಟೆಂಟು ಹಾಕಿ ಉಳಿಸಿಕೊಂಡರು. ಆ ಪದ್ಧತಿ ಬೇರೆ ಬೇರೆ ರೂಪದಲ್ಲಿ ಇಲ್ಲಿ ಬೇರೂರಿದೆ. ನಮ್ಮ ಎಷ್ಟೋ ವಾರ್ಡುಗಳಲ್ಲಿ ರೋಗಿಯ ಪಕ್ಕದಲ್ಲಿ ಮನೆಯವರೊಬ್ಬರು ಅಟೆಂಡರ್ ಅಂತ ಇರುತ್ತಾರೆ. ಮಾರ್ಷಾ ಪಕ್ಕದಲ್ಲಿ ಯಾರೂ ಇರಲಿಲ್ಲ. ನಮ್ಮಲ್ಲಿ ಅಮ್ಮ ಇರುತ್ತಾರೆ, ನೆಲದ ಮೇಲೆ ಚಾಪೆ ಹಾಸಿಕೊಂಡು.

ಹಾಗಂತ ಅಮ್ಮ ಇದ್ದ ಮಾತ್ರಕ್ಕೆ ಸಾಕಾಗುವುದಿಲ್ಲ. ಒಬ್ಬಳು ಹುಡುಗಿಯ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೇನೆ. ಮದುವೆಯಾಗಿ ಎರಡು ವರ್ಷ ಆಗಿತ್ತು. ಅಡ್ಮಿಷನ್ ದಿನ ಬಳೆ, ಪಿನ್ನು, ತಾಳಿ ಎಲ್ಲ ತೆಗೆದಿಡಬೇಕಾಗಿತ್ತು. ಆಯಾ ಬಂದವರೇ ಕೈ ಹಿಡಿದು ಬಳೆ ಎಳೆಯಲು ಶುರು ಮಾಡಿದರು. ತಾಳಿಗೆ ಕೈ ಹಾಕುವಷ್ಟರಲ್ಲಿ ಅವಳ ಅಮ್ಮ ಜೋರಾಗಿ ಅತ್ತರು. ಬ್ಯಾಡ ಸಿಸ್ಟರ್, ಅಪಶಕುನ ಅಂದರು. ಹುಡುಗಿ ಅಳಲಿಲ್ಲ. ಗೋಡೆ ನೋಡುತ್ತಾ ನಿಂತಿದ್ದಳು, ಅವಳ ಮೈ ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ.

ಆಯಾನ ನಿಲ್ಲಿಸಿ ಇಬ್ಬರನ್ನೂ ಕೂರಿಸಿದೆ. ಯಾಕೆ ತೆಗೆಯುತ್ತೇವೆ, ಎಷ್ಟು ದಿನಕ್ಕೆ, ಎಲ್ಲಿ ಇರುತ್ತದೆ ಅಂತ ಹೇಳಿದೆ. ಒಂದು ಹಾಳೆ ತಂದು ಪಟ್ಟಿ ಬರೆದೆ. ಹಸಿರು ಗಾಜಿನ ಬಳೆ ಎಂಟು, ಪಿನ್ನು ಆರು. ತಾಳಿಯನ್ನು ಅವಳೇ ತೆಗೆದು ಅಮ್ಮನ ಕೈಗೆ ಕೊಟ್ಟಳು. ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡು ರವಿಕೆಯೊಳಗೆ ಇಟ್ಟುಕೊಂಡರು. ಹತ್ತು ನಿಮಿಷ ಜಾಸ್ತಿ ಹಿಡಿಯಿತು. ಅಷ್ಟೇ ವಸ್ತುಗಳು, ಅದೇ ನಿಯಮ.

ಆ ಅಮ್ಮ ರಾತ್ರಿಯಿಡೀ ಎಚ್ಚರ ಇರುತ್ತಿದ್ದರು. ಆದರೆ ಮಾತೆಲ್ಲ ಒಂದೇ: ನಿಂಗೇನೇ ಕಡಿಮೆ ಮಾಡಿದ್ವಿ ನಾವು? ಅವರ ಹೊಟ್ಟೆಯ ಸಂಕಟ ನನಗೆ ಗೊತ್ತಾಗುತ್ತದೆ. ಅವರನ್ನು ಹೊರಗೆ ಟೀ ಕುಡಿಯಲು ಕರೆದುಕೊಂಡು ಹೋಗಿ ಹೇಳಿದೆ: ಅಮ್ಮಾ, ಪ್ರಶ್ನೆ ಬೇಡ. ಪಕ್ಕದಲ್ಲಿ ಕೂತು ತಲೆ ಬಾಚಿ, ಸಾಕು. ಅಟೆಂಡರ್‌ಗೂ ನಾವೇ ಕಲಿಸಬೇಕು, ಅವರಿಗೂ ನಿದ್ದೆಗೆ ಬಿಡುವು ಕೊಡಬೇಕು. ಅದನ್ನು ಯಾರ ಡ್ಯೂಟಿ ಪಟ್ಟಿಯಲ್ಲೂ ಬರೆದಿರುವುದಿಲ್ಲ.

ಮೂರನೆಯ ರಾತ್ರಿ ನನಗೆ ಪಾಠ ಆಯಿತು. ಹದಿನೈದು ನಿಮಿಷಕ್ಕೊಮ್ಮೆ ನೋಡಬೇಕು ಅಂತ ಕೇಸ್ ಶೀಟಿನಲ್ಲಿ ಬರೆದಿತ್ತು. ಹೋಗುತ್ತಿದ್ದೆ, ಮುಖದ ಮೇಲೆ ಟಾರ್ಚ್ ಬಿಡುತ್ತಿದ್ದೆ, ಉಸಿರಾಡುತ್ತಿದ್ದಾಳೆ ಅಂತ ನೋಡಿ ಟಿಕ್ ಹಾಕುತ್ತಿದ್ದೆ. ನಾಲ್ಕನೆಯ ಸಲಕ್ಕೆ ಅವಳು ಕಣ್ಣು ಬಿಟ್ಟು ಕೇಳಿದಳು: “ಸಿಸ್ಟರ್, ನೀವು ನನ್ನ ನೋಡೋಕ್ ಬಂದ್ರಾ, ಲೆಕ್ಕ ಹಾಕೋಕ್ ಬಂದ್ರಾ?”

ಬೇರೆ ಬೇರೆ ದೇಶಗಳಲ್ಲಿ ರೋಗಿಗಳನ್ನು ಕೇಳಿದಾಗಲೂ ಬಂದ ಉತ್ತರ ಹೆಚ್ಚುಕಡಿಮೆ ಇದೇ. ಕಣ್ಣಿಡುವುದನ್ನು ಎಲ್ಲರೂ ದ್ವೇಷಿಸುವುದಿಲ್ಲ. ಗುರುತಿರುವ ನರ್ಸು ಹತ್ತಿರ ಕೂತು ಎರಡು ಮಾತಾಡಿದರೆ ಧೈರ್ಯ ಬರುತ್ತದೆ ಅನ್ನುತ್ತಾರೆ. ಗುರುತಿಲ್ಲದವರು ಮೊಬೈಲ್ ನೋಡುತ್ತಾ ಬಾಗಿಲಲ್ಲಿ ಕೂತರೆ, ಬಚ್ಚಲಿಗೂ ಮಾತಿಲ್ಲದೆ ಹಿಂದೆ ಬಂದರೆ, ಕೈದಿಯ ಹಾಗೆ ಅನ್ನಿಸುತ್ತದೆ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಮಾನಸಿಕ ಆರೋಗ್ಯ ನರ್ಸಿಂಗ್ ಸಂಶೋಧಕ ಲೆನ್ ಬವರ್ಸ್ ಮತ್ತು ಸಂಗಡಿಗರು ಸೇಫ್‌ವಾರ್ಡ್ಸ್ ಎಂಬ ಹತ್ತು ಸರಳ ಪದ್ಧತಿಗಳನ್ನು 15 ಆಸ್ಪತ್ರೆಗಳ 31 ವಾರ್ಡುಗಳಲ್ಲಿ ಪರೀಕ್ಷಿಸಿದರು. ಮೆತ್ತಗೆ ಮಾತಾಡುವುದು, ಕೆಟ್ಟ ಸುದ್ದಿ ಬಂದಾಗ ಮೊದಲೇ ಹೋಗಿ ಪಕ್ಕದಲ್ಲಿ ನಿಲ್ಲುವುದು, ಸಿಬ್ಬಂದಿ-ರೋಗಿಗಳು ಒಬ್ಬರ ಇಷ್ಟಗಳನ್ನು ಒಬ್ಬರು ತಿಳಿದುಕೊಳ್ಳುವುದು, ಮನೆಗೆ ಹೋಗುವವರು ಉಳಿದವರಿಗೆ ಒಂದು ಮಾತು ಬರೆದಿಟ್ಟು ಹೋಗುವುದು, ಇಂಥವು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸ್ವಯಂ-ಹಾನಿಯೂ ಸೇರಿದ ಘರ್ಷಣೆಯ ಘಟನೆಗಳು ಶೇ. 15ರಷ್ಟು ಇಳಿದವು. ಹಿಡಿಯುವುದು, ಕೂಡಿಹಾಕುವುದು ಮುಂತಾದ ಬಲವಂತ ಶೇ. 26.4ರಷ್ಟು ಇಳಿಯಿತು. ಇದಕ್ಕೆ ಯಾವ ಹೊಸ ಯಂತ್ರವೂ ಬೇಕಾಗಲಿಲ್ಲ.

ಆ ರಾತ್ರಿಯಿಂದ ಟಾರ್ಚನ್ನು ನೆಲಕ್ಕೆ ಹಿಡಿಯುತ್ತೇನೆ. ಎಚ್ಚರ ಇದ್ದಾರೆ ಅನ್ನಿಸಿದರೆ ಹೆಸರು ಹಿಡಿದು, ನಾನು ಕಣಮ್ಮ, ನಿದ್ದೆ ಬರ್ತಿಲ್ವಾ ಅನ್ನುತ್ತೇನೆ. ಅವಳ ಜೊತೆ ಸೇರಿ ಒಂದು ಚೀಟಿ ಬರೆದೆವು. ಹೊಟ್ಟೆಯಲ್ಲಿ ಕಲ್ಲು ಕೂತರೆ ಮೊದಲು ಏನು, ಆಮೇಲೆ ಏನು, ಯಾರನ್ನು ಕರೆಯಬೇಕು. ಮೊದಲ ಸಾಲು ತಣ್ಣೀರಲ್ಲಿ ಮುಖ ತೊಳೆಯುವುದು. ಎರಡನೆಯದು ಅಮ್ಮನನ್ನು ಎಬ್ಬಿಸುವುದು. ಮೂರನೆಯದು ಸಿಸ್ಟರ್. ಮನೆಗೆ ಹೋದ ಮೇಲೆ ಸಿಸ್ಟರ್ ಇರುವುದಿಲ್ಲ ಅಂತ ಕೊನೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಸೇರಿಸಿದೆವು. ಹಗಲು ರಾತ್ರಿ ಯಾವಾಗ ಬೇಕಾದರೂ ದುಡ್ಡು ಖರ್ಚಿಲ್ಲದೆ ಮಾತಾಡಬಹುದು, ಕನ್ನಡದಲ್ಲೇ. ಇದನ್ನು ಓದುತ್ತಿರುವ ಯಾರಿಗಾದರೂ ಬೇಕಾದರೆ ಆ ನಂಬರ್ ನಿಮಗೂ ಇರಲಿ.

ಐದನೆಯ ದಿನ ಸಂಜೆ, ಚಪಾತಿ ಹೊತ್ತಿಗೆ, ಅವಳು ನರ್ಸಿಂಗ್ ಸ್ಟೇಷನ್ ಹತ್ತಿರ ಬಂದು ನಿಂತಳು. ಸಿಸ್ಟರ್, ಕಲ್ಲು ಅಂದಳು. ಅಷ್ಟೇ. ಇಬ್ಬರೂ ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ಹೆಚ್ಚು ಮಾತಾಡಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಅವಳೇ ಎದ್ದು, ಚಪಾತಿ ತಣ್ಣಗಾಗಿರುತ್ತೆ ಅಂದಳು.

ಡಿಸ್ಚಾರ್ಜ್ ದಿನ ಪಟ್ಟಿ ಹಿಡಿದು ಎಲ್ಲಾ ವಾಪಸ್ ಕೊಟ್ಟೆ. ಬಳೆ ಎಂಟೂ ಇದ್ದವು. ಪಿನ್ನು ಎಣಿಸಿ, ಒಂದು ಕಮ್ಮಿ ಇದೆ ಸಿಸ್ಟರ್ ಅಂದಳು. ಡ್ರಾಯರ್ ಪೂರ್ತಿ ಹೊರಗೆಳೆದು ಹುಡುಕಿದೆವು. ಮೂಲೆಯಲ್ಲಿ ಸಿಕ್ಕಿತು. ಅವಳು ಅದನ್ನು ಕೂದಲಿಗೆ ಸಿಕ್ಕಿಸಿಕೊಂಡು ಅಮ್ಮನ ಚೀಲ ಎತ್ತಿಕೊಂಡಳು.